ಸೊವಾಟಾದ ಉಪ್ಪು ಕೆರೆಗೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ? ಹೋಗಿ ಬಂದವರು, ಗೊತ್ತಿದ್ದವರು ಹೇಳಿ

ಮಂಡ್ಯ_ಮ್ಯೂನಿಕ್

ಎಲ್ಲರಿಗೂ ನಮಸ್ಕಾರ. ಮುಂದಿನ ಬೇಸಿಗೆಗೆ ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ. ಅಮ್ಮನಿಗೆ ಮಂಡಿನೋವು ಜಾಸ್ತಿ, ಮೆಟ್ಟಿಲು ಹತ್ತುವುದೇ ಕಷ್ಟ. ನಮ್ಮ ಆಫೀಸಿನಲ್ಲಿ ಒಬ್ಬರು ಹಂಗೇರಿಯನ್ ಇದ್ದಾರೆ. "ಸುಮ್ನೆ ಪ್ಯಾರಿಸ್ಸು ಸ್ವಿಟ್ಜರ್ಲೆಂಡು ಅಂತ ಓಡಾಡಿಸಬೇಡಿ, ರೊಮೇನಿಯಾದ ಸೊವಾಟಾಗೆ ಕರೆದುಕೊಂಡು ಹೋಗಿ, ಅಲ್ಲಿನ ಉಪ್ಪು ನೀರಲ್ಲಿ ಒಂದು ವಾರ ಇರಲಿ" ಅಂದರು. ಅಲ್ಲಿನ ಕೆರೆ ಮೇಲೆ ತಣ್ಣಗೆ, ಒಳಗೆ ಬಿಸಿಯಂತೆ. ಕೆಳಗೆ ಬಿಸಿನೀರಿನ ಬುಗ್ಗೆ ಇದೆಯಾ ಅಂದರೆ ಇಲ್ಲವಂತೆ. ಇದು ಹೇಗೆ ಸಾಧ್ಯ ಅಂತ ನನಗೆ ಅರ್ಥವಾಗಲಿಲ್ಲ. ಪಕ್ಕದ ಪ್ರಾಯಿದ್ ಉಪ್ಪಿನ ಗಣಿಗೆ ನೀರು ನುಗ್ಗಿದ ಸುದ್ದಿಯನ್ನೂ ಓದಿದ್ದೆ. ಈಗ ಅಲ್ಲಿಗೆ ಹೋಗುವುದರಲ್ಲಿ ಅರ್ಥ ಇದೆಯಾ? ಮಂಡಿನೋವಿಗೆ ನಿಜಕ್ಕೂ ಏನಾದರೂ ಆಗುತ್ತದಾ?

ಕ್ಲೂಜ್_ಕನ್ನಡಿಗ

ಧಾರಾಳವಾಗಿ ಕರೆದುಕೊಂಡು ಬನ್ನಿ. ನಾನಿರುವುದು ಕ್ಲೂಜ್‌ನಲ್ಲಿ, ಇಲ್ಲಿಂದ ಕಾರಲ್ಲಿ ಸುಮಾರು ಮೂರು ಗಂಟೆ ದಾರಿ. ಬೇಸಿಗೆಯಲ್ಲಿ ಆಗಾಗ ಹೋಗುತ್ತಿರುತ್ತೇನೆ.

ಊರು ರೊಮೇನಿಯಾದ ಟ್ರಾನ್ಸಿಲ್ವೇನಿಯಾ ಪ್ರದೇಶದ ಪೂರ್ವ ಭಾಗದಲ್ಲಿ, ಬೆಟ್ಟದ ಬುಡದಲ್ಲಿದೆ. ಸುತ್ತ ಕಾಡು. ಜನ ಹೆಚ್ಚಿನವರು ಹಂಗೇರಿಯನ್ ಮಾತಾಡುವ ಸೇಕೆಯ್ ಸಮುದಾಯದವರು. ಅದಕ್ಕೇ ಬೋರ್ಡುಗಳೆಲ್ಲ ಎರಡು ಭಾಷೆಯಲ್ಲಿವೆ. ಹಳೆಯ ಮರದ ಮನೆಗಳು, ಕೆತ್ತನೆ ಮಾಡಿದ ಬಾಲ್ಕನಿಗಳು ಇನ್ನೂ ಉಳಿದಿವೆ. ಆದರೆ ಇದೆಲ್ಲ ಆಮೇಲೆ ಬಂದದ್ದು. ಮೊದಲು ಇದ್ದದ್ದು ಉಪ್ಪು. ಕೆರೆಯ ಸುತ್ತ ಹಾಕಿರುವ ಮರದ ಹಾದಿಯಲ್ಲಿ ನಡೆದರೆ ಮಣ್ಣಿನ ನಡುವಿಂದ ಉಪ್ಪಿನ ಬಂಡೆಗಳು ಹೊರಗೆ ಚಾಚಿಕೊಂಡಿರುವುದು ಕಾಣುತ್ತದೆ. ಬಿಳಿ, ಬೂದು ಪಟ್ಟೆ ಇರುವ ಬಂಡೆ. ಮಳೆ ಹರಿದ ಕಡೆ ಚೂಪು ಚೂಪಾಗಿ ಸವೆದಿದೆ.

ಆ ದೊಡ್ಡ ಕೆರೆಯ ಹೆಸರು ಲಾಕುಲ್ ಉರ್ಸು, ಅಂದರೆ ಕರಡಿ ಕೆರೆ. ಹರಡಿಟ್ಟ ಕರಡಿ ಚರ್ಮದ ಆಕಾರ ಇದೆ ಅಂತ ಆ ಹೆಸರು. ಇದು ಪುರಾಣ ಕಾಲದ ಕೆರೆಯೇನಲ್ಲ. 1875ರ ಮೇ 27ರಂದು ಅಲ್ಲಿ ನೆಲ ಕುಸಿಯಿತು. ಕೆಳಗಿದ್ದ ಉಪ್ಪು ನೀರಿಗೆ ಕರಗಿ ಟೊಳ್ಳಾಗಿತ್ತು. ಆ ಗುಂಡಿಗೆ ಎರಡು ಸಣ್ಣ ತೊರೆಗಳು ಹರಿದು ಬಂದು, ಐದಾರು ವರ್ಷದಲ್ಲಿ ಕೆರೆ ತುಂಬಿತು. ಸುತ್ತಮುತ್ತ ಇನ್ನೂ ಸಣ್ಣ ಉಪ್ಪು ಕೆರೆಗಳಿವೆ. ಊರು ಇವತ್ತು ಹೋಟೆಲು, ಚಿಕಿತ್ಸೆ ಅಂತ ಬದುಕುತ್ತಿದ್ದರೆ ಅದು ಆ ಕುಸಿತದಿಂದ.

ನೀರಿಗೆ ಇಳಿದರೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಮರದ ಕಟ್ಟೆಯಿಂದ ಏಣಿ ಹಿಡಿದು ಇಳಿಯಬೇಕು. ಮೊದಲ ಮೆಟ್ಟಿಲಲ್ಲಿ ಪಾದಕ್ಕೆ ತಣ್ಣಗೆ. ಇನ್ನೆರಡು ಮೆಟ್ಟಿಲು ಇಳಿದರೆ ಪಾದ ಬೆಚ್ಚಗಿನ ನೀರಲ್ಲಿ, ಹೊಟ್ಟೆ ತಣ್ಣನೆ ನೀರಲ್ಲಿ. ಕೈ ಬಿಟ್ಟ ಕೂಡಲೇ ಕಾಲು ತಾನಾಗಿ ಮೇಲೆ ಬರುತ್ತದೆ. ಮುಳುಗಬೇಕು ಅಂದರೂ ಮುಳುಗಲು ಆಗುವುದಿಲ್ಲ. ಹೊರಗೆ ಬಂದು ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತರೆ ಮೈಮೇಲೆ ಬಿಳಿ ಪುಡಿ ಕಟ್ಟುತ್ತದೆ, ತೋಳಿನ ಕೂದಲೆಲ್ಲ ಗರಿಗರಿ. ಗಾಯ ಇದ್ದರೆ, ಅವತ್ತು ಬೆಳಿಗ್ಗೆ ಶೇವ್ ಮಾಡಿದ್ದರೆ ಉರಿ ತಡೆಯಲು ಆಗುವುದಿಲ್ಲ. ಕಣ್ಣಿಗೆ ಒಂದು ಹನಿಯೂ ಬೀಳದಂತೆ ನೋಡಿಕೊಳ್ಳಿ.

ಬೆಂಗಳೂರು_ಬ್ಯಾಕ್‌ಪ್ಯಾಕ್

ಜಾಗ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ. ಮಧ್ಯಾಹ್ನದ ಹೊತ್ತು ಎರಡು ಗಂಟೆಗಳ ಕಾಲ ಎಲ್ಲರನ್ನೂ ನೀರಿಂದ ಹೊರಗೆ ಕಳಿಸುತ್ತಾರೆ. ಬಿಸಿಲು ಚೆನ್ನಾಗಿ ಬಿದ್ದಿರುವ ಹೊತ್ತಲ್ಲೇ! ಟಿಕೆಟ್ ತೆಗೆದುಕೊಂಡು, ಅಷ್ಟು ದೂರದಿಂದ ಹೋದವರಿಗೆ ಇದು ಸರಿ ಅನ್ನಿಸುವುದಿಲ್ಲ. ಸಿಬ್ಬಂದಿ ಊಟಕ್ಕೆ ಹೋಗಬೇಕಾದರೆ ಸರದಿಯಲ್ಲಿ ಹೋಗಬಹುದಲ್ವಾ? ಜೋರಾಗಿ ಈಜಿದರೂ ಸೀಟಿ ಊದುತ್ತಾರೆ.

ಫಿಸಿಕ್ಸ್_ಮೇಷ್ಟ್ರು

ಆ ಎರಡು ಗಂಟೆ ಊಟಕ್ಕಲ್ಲ ಸರ್. ಆ ಎರಡು ಗಂಟೆ ಇರುವುದರಿಂದಲೇ ಕೆರೆ ಬಿಸಿಯಾಗಿ ಉಳಿದಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪ್ರಶ್ನೆ ಕೇಳಿದವರಿಗೂ ಉತ್ತರ ಸಿಗುತ್ತದೆ.

ನಮ್ಮೂರ ಕೆರೆಯಲ್ಲಿ ಬಿಸಿಲಿಗೆ ಒಳಗಿನ ನೀರು ಕಾದರೆ ಅದು ಹಗುರಾಗಿ ಮೇಲೆ ಬರುತ್ತದೆ, ಗಾಳಿಗೆ ಶಾಖ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಎಷ್ಟು ಬಿಸಿಲು ಬಿದ್ದರೂ ಕೆರೆ ಒಂದು ಮಿತಿಗಿಂತ ಬಿಸಿಯಾಗದಿರುವುದು ಇದರಿಂದ. ಕರಡಿ ಕೆರೆಯಲ್ಲಿ ಈ ಓಡಾಟ ನಿಂತುಹೋಗಿದೆ. ತೊರೆಗಳಿಂದ ಬರುವ ನೀರು ಸಿಹಿ. ಅದು ಹಗುರ, ಹಾಗಾಗಿ ಮೇಲೇ ತೆಳುವಾಗಿ ಹರಡಿಕೊಳ್ಳುತ್ತದೆ. ಕೆಳಗೆ ಹೋದ ಹಾಗೆ ಉಪ್ಪು ಏರುತ್ತಾ ಹೋಗಿ ಲೀಟರಿಗೆ 200 ಗ್ರಾಂ ದಾಟುತ್ತದೆ. ಸಮುದ್ರದ ನೀರಲ್ಲಿ ಇರುವುದು ಸುಮಾರು 35 ಗ್ರಾಂ ಅಷ್ಟೇ. ಬಿಸಿಲು ಮೇಲಿನ ಪದರ ದಾಟಿ ಒಳಗೆ ಹೋಗಿ ಉಪ್ಪು ನೀರನ್ನು ಕಾಯಿಸುತ್ತದೆ. ಕಾದ ಉಪ್ಪು ನೀರು ಸ್ವಲ್ಪ ಹಗುರಾದರೂ, ಮೇಲಿನ ಸಿಹಿನೀರಿಗಿಂತ ಇನ್ನೂ ಭಾರವೇ. ಆದ್ದರಿಂದ ಮೇಲೆ ಬರುವುದಿಲ್ಲ. ಶಾಖ ಅಲ್ಲೇ ಉಳಿಯುತ್ತದೆ. ಮೇಲಿನ ಸಿಹಿನೀರು ಪಾತ್ರೆಯ ಮುಚ್ಚಳದ ಕೆಲಸ ಮಾಡುತ್ತದೆ. ಭೂಮಿಯ ಒಳಗಿಂದ ಬಿಸಿ ಬರುತ್ತಿಲ್ಲ, ಎಲ್ಲ ಸೂರ್ಯನದ್ದೇ. ತೀರಾ ಆಳಕ್ಕೆ ಹೋದರೆ ಮತ್ತೆ ತಣ್ಣಗಾಗುತ್ತದೆ, ಬಿಸಿ ಇರುವುದು ನಡುವಿನ ಪದರದಲ್ಲಿ.

ಇದನ್ನು ಲೆಕ್ಕ ಹಾಕಿ ತೋರಿಸಿದವರು ಹಂಗೇರಿಯ ರಸಾಯನ ವಿಜ್ಞಾನಿ ಶಾಂಡೋರ್ ಕಲೆಚಿನ್ಸ್ಕಿ. 1902ರ ಹೊತ್ತಿಗೆ ಅವರು ಪ್ರಕಟಿಸಿದ ಅಳತೆಗಳಲ್ಲಿ, ಬೇಸಿಗೆಯ ಕೊನೆಗೆ 1.32 ಮೀಟರ್ ಆಳದಲ್ಲಿ 70 ಡಿಗ್ರಿ ಸೆಲ್ಸಿಯಸ್ ಇತ್ತು. ಕೈ ಇಡಲು ಆಗದಷ್ಟು ಬಿಸಿ! ಈಗ 30ರಿಂದ 40 ಡಿಗ್ರಿ ಸಿಕ್ಕಿದರೆ ಹೆಚ್ಚು. ನೂರಾರು ಜನ ದಿನವಿಡೀ ಕೈಕಾಲು ಆಡಿಸಿದರೆ ಪದರಗಳು ಕಲಸಿಹೋಗುತ್ತವೆ, ಶಾಖ ಹೊರಗೆ ಹೋಗುತ್ತದೆ. ಬಿಸಿಲು ಜೋರಾಗಿರುವ ಹೊತ್ತಲ್ಲಿ ಜನರನ್ನು ಹೊರಗೆ ಕಳಿಸಿದರೆ ನೀರು ತಿಳಿಯಾಗಿ ನಿಂತು ಪದರ ಮತ್ತೆ ಕೂಡಿಕೊಳ್ಳುತ್ತದೆ, ಕಾಯಲು ಸಮಯ ಸಿಗುತ್ತದೆ. ಜೋರಾಗಿ ಈಜಿದರೆ ಸೀಟಿ ಊದುವುದೂ ಅದಕ್ಕೇ.

ನಮಗೆ ಹತ್ತಿರದ ವಿಷಯ ಒಂದಿದೆ. ಇದೇ ತತ್ವದ ಮೇಲೆ ಕೃತಕ ಕೊಳ ಮಾಡಿ ಬಿಸಿಲಿನ ಶಾಖ ಹಿಡಿಯಬಹುದು, ಅದಕ್ಕೆ ಸೋಲಾರ್ ಪಾಂಡ್ ಅನ್ನುತ್ತಾರೆ. ಇಸ್ರೇಲಿನವರು 1984ರಲ್ಲಿ ಮೃತ ಸಮುದ್ರದ ಹತ್ತಿರ 5 ಮೆಗಾವ್ಯಾಟ್ ವಿದ್ಯುತ್ ಘಟಕವನ್ನೇ ನಡೆಸಿದರು. ಗುಜರಾತಿನ ಭುಜ್‌ನಲ್ಲಿ 6,000 ಚದರ ಮೀಟರಿನ ಕೊಳವೊಂದು 1993ರಿಂದ ಡೈರಿಗೆ ಬಿಸಿನೀರು ಕೊಟ್ಟಿತು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಜೆ. ಶ್ರೀನಿವಾಸನ್ ಮತ್ತು ಜೊತೆಗಾರರು 1980ರ ದಶಕದಲ್ಲಿ 240 ಚದರ ಮೀಟರಿನ ಕೊಳ ಮಾಡಿ ಅಧ್ಯಯನ ನಡೆಸಿದರು. ಇಂಥ ಕೊಳ ನಡೆಸುವವರಿಗೆಲ್ಲ ಒಂದೇ ತಲೆನೋವು: ಉಪ್ಪು ಮೆಲ್ಲಗೆ ಮೇಲೇರುತ್ತಿರುತ್ತದೆ, ಗಾಳಿ ಕಲಕುತ್ತಿರುತ್ತದೆ, ಮೇಲಿನ ನೀರನ್ನು ಸಿಹಿಯಾಗಿ ಇಡಲು ಸದಾ ಒದ್ದಾಡಬೇಕು. ಸೊವಾಟಾದಲ್ಲಿ ಆ ಕೆಲಸವನ್ನು ಎರಡು ತೊರೆಗಳು ಬಿಟ್ಟಿಯಾಗಿ ಮಾಡುತ್ತಿವೆ. ಅದನ್ನು ಕೆಡಿಸದಿರಲು ನಾವು ಎರಡು ಗಂಟೆ ದಡದಲ್ಲಿ ಕೂತರೆ ಏನೂ ನಷ್ಟವಿಲ್ಲ.

ಬೆಂಗಳೂರು_ಬ್ಯಾಕ್‌ಪ್ಯಾಕ್

ಇದನ್ನು ಅಲ್ಲೇ ಒಂದು ಬೋರ್ಡಲ್ಲಿ ಇಷ್ಟು ಬಿಡಿಸಿ ಬರೆದಿದ್ದರೆ ಯಾರೂ ಗೊಣಗುವುದಿಲ್ಲ ಮೇಷ್ಟ್ರೇ. ಆದರೂ ಒಂದು ಪ್ರಶ್ನೆ. 70 ಡಿಗ್ರಿ ಇದ್ದದ್ದು 40ಕ್ಕೆ ಇಳಿದಿದೆ ಅಂದರೆ ಎರಡು ಗಂಟೆ ಸಾಲುತ್ತಿಲ್ಲ ಅಂತಲೇ ಅಲ್ವಾ? ಜನರನ್ನೇ ಕಡಿಮೆ ಬಿಡಬೇಕಲ್ವಾ?

ಫಿಸಿಕ್ಸ್_ಮೇಷ್ಟ್ರು

ಸ್ನಾನಕ್ಕೆ 70 ಡಿಗ್ರಿ ಯಾರಿಗೂ ಬೇಡ, 35 ಇದ್ದರೆ ಹಿತ. ಆದರೆ ನಿಮ್ಮ ಮಾತಿನಲ್ಲಿ ಹುರುಳಿದೆ. ಕೆರೆ ಮತ್ತು ಸುತ್ತಲಿನ ಮರಗಳು ಸಂರಕ್ಷಿತ ಪ್ರದೇಶವೂ ಹೌದು, ಊರಿನ ಅನ್ನವೂ ಹೌದು. ನನ್ನನ್ನು ಕೇಳಿದರೆ ಜನರ ಸಂಖ್ಯೆಗೆ ಮಿತಿ ಇನ್ನೂ ಬಿಗಿಯಾಗಬೇಕು.

ಡಾಕ್ಟರ್_ದಾವಣಗೆರೆ

ಮಂಡಿನೋವಿನ ಬಗ್ಗೆ ನಾನು ಹೇಳುತ್ತೇನೆ. ಉಪ್ಪು ನೀರಲ್ಲಿ ಮೈ ತೇಲುವುದರಿಂದ ಕೀಲಿನ ಮೇಲಿನ ಭಾರ ಇಳಿಯುತ್ತದೆ. ಬೆಚ್ಚಗಿನ ನೀರಿಗೆ ಬಿಗಿದ ಮಾಂಸಖಂಡ ಸಡಿಲವಾಗುತ್ತದೆ. ಹಾಗಾಗಿ ಕೆಲವು ದಿನ, ಕೆಲವು ವಾರ ನೋವು ಕಡಿಮೆ ಅನ್ನಿಸುವುದು ನಿಜ. ಸವೆದ ಕೀಲು ಮತ್ತೆ ಬೆಳೆಯುವುದಿಲ್ಲ. ಅಷ್ಟು ಸ್ಪಷ್ಟವಾಗಿ ಅಮ್ಮನಿಗೂ ಹೇಳಿ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ಊರಿಗೆ ಹೋದ ಮೇಲೆ ನೋವು ಮರಳಿ ಬಂದಾಗ ಅವರಿಗೆ ಬೇಜಾರಾಗುತ್ತದೆ.

ಬಿಪಿ, ಹೃದಯದ ತೊಂದರೆ ಇದ್ದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಸಕ್ಕರೆ ಕಾಯಿಲೆ ಇದ್ದರೆ ಪಾದದಲ್ಲಿ ಗಾಯ, ಬಿರುಕು ಇದೆಯಾ ಅಂತ ಪ್ರತಿದಿನ ನೋಡಬೇಕು. ಒಂದು ಸಲಕ್ಕೆ 15-20 ನಿಮಿಷ ಸಾಕು. ಹೊರಗೆ ಬಂದು ಸಿಹಿನೀರಲ್ಲಿ ತೊಳೆದುಕೊಂಡು, ನೀರು ಕುಡಿದು, ಸ್ವಲ್ಪ ಮಲಗಬೇಕು.

ಇನ್ನೊಂದು ಮಾತು. ಸೊವಾಟಾ ಮಕ್ಕಳಾಗದ ಹೆಂಗಸರ ಚಿಕಿತ್ಸೆಗೆ ಹೆಸರುವಾಸಿ. ಕೆರೆಯ ಕಪ್ಪು ಮಣ್ಣು, ಬಿಸಿ ಉಪ್ಪು ನೀರು ಅಂತ ದೂರದೂರದಿಂದ ಬರುತ್ತಾರೆ. ಇದನ್ನು ಓದುತ್ತಿರುವ ಯಾರಾದರೂ ಆ ಆಸೆಯಿಂದ ಹೋಗಬೇಕು ಅಂದುಕೊಂಡಿದ್ದರೆ ದಯವಿಟ್ಟು ಕೇಳಿ. ಹೋಗಿ, ವಿಶ್ರಾಂತಿ ಸಿಗುತ್ತದೆ. ಆದರೆ ಅದಕ್ಕಾಗಿ ನಡೆಯುತ್ತಿರುವ ಚಿಕಿತ್ಸೆ ನಿಲ್ಲಿಸಬೇಡಿ, ಮುಂದೂಡಬೇಡಿ. ಆ ವಿಷಯದಲ್ಲಿ ಒಂದೊಂದು ತಿಂಗಳಿಗೂ ಬೆಲೆ ಇದೆ.

ಗೋಕರ್ಣ_ಆಗರ

ನಮ್ಮ ಮನೆಯವರು ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ದುಡಿದವರು. ಸಮುದ್ರದ ನೀರು ಗದ್ದೆಗೆ ಬಿಟ್ಟು ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವುದು ಮಾತ್ರ ನಮಗೆ ಗೊತ್ತು. ನಮ್ಮಲ್ಲಿ ಸಿಹಿನೀರು ಅಂದರೆ ಭಯ. ಉಪ್ಪು ಕಟ್ಟುವ ಹೊತ್ತಲ್ಲಿ ಒಂದು ಅಕಾಲ ಮಳೆ ಬಂದರೆ ಅಷ್ಟು ದಿನದ ಬೆವರು ನೀರಲ್ಲಿ ಹೋಯಿತು ಅಂತಲೇ ಲೆಕ್ಕ. ಅದೇ ಸಿಹಿನೀರು ಅಲ್ಲಿ ಕೆರೆಯನ್ನು ಬಿಸಿಯಾಗಿ ಇಡುತ್ತಿದೆ ಅಂತ ಓದಿ ಸಂತೋಷವಾಯಿತು. ಹಾಗಾದರೆ ಪ್ರಾಯಿದ್ ಗಣಿಯಲ್ಲಿ ಆದದ್ದೇನು?

ಹಟ್ಟಿ_ಮೈನಿಂಗ್

ನಾನು ಹಟ್ಟಿ ಕಡೆ ಚಿನ್ನದ ಗಣಿ ಕೆಲಸದಲ್ಲಿದ್ದವನು. ಪ್ರಾಯಿದ್ ಸುದ್ದಿ ಬಂದಾಗ ತುಂಬಾ ಸಂಕಟ ಆಯಿತು.

ಪ್ರಾಯಿದ್ ಸೊವಾಟಾದಿಂದ ಹತ್ತು ಕಿಲೋಮೀಟರ್ ಒಳಗೇ ಇದೆ. ಒಂದೇ ಉಪ್ಪಿನ ಸೀಮೆ. ಸುಮಾರು 1.3 ಕೋಟಿ ವರ್ಷದ ಹಿಂದೆ ಟ್ರಾನ್ಸಿಲ್ವೇನಿಯಾದಲ್ಲಿ ಸಮುದ್ರ ಇತ್ತು, ಅದು ಬತ್ತಿ ಉಳಿದ ಉಪ್ಪು ಇದು. ಮೇಲೆ ಮಣ್ಣು ಕಲ್ಲು ಕೂತು ಒತ್ತಿದಾಗ, ಒಳಗಿನ ಉಪ್ಪು ನಿಧಾನವಾಗಿ ಜರುಗಿ ಕಂಬದ ಹಾಗೆ ಮೇಲೆದ್ದು ಬಂತು. ಪ್ರಾಯಿದ್‌ನ ಉಪ್ಪಿನ ಕಂಬ 2.7 ಕಿಲೋಮೀಟರ್ ಆಳಕ್ಕೆ ಇಳಿದಿದೆ. ಹಳೆ ಕಾಲದಲ್ಲಿ ಮೇಲೆ ಚಿಕ್ಕ ಬಾಯಿ ತೋಡಿ, ಕೆಳಗೆ ಅಗಲ ಮಾಡಿಕೊಂಡು ಗಂಟೆಯ ಆಕಾರದಲ್ಲಿ ಇಳಿಯುತ್ತಿದ್ದರು. 1762ರಲ್ಲಿ ಅಲ್ಲಿ ಶುರುವಾದ ಯೋಸೆಫ್ ಗಣಿಯೂ ಅದೇ ಬಗೆಯದು. ಅಗೆದ ಉಪ್ಪನ್ನು ಕುದುರೆ ತಿರುಗಿಸುವ ರಾಟೆಯಿಂದ ಮೇಲೆ ಎಳೆಯುತ್ತಿದ್ದರು. ಇಂಥ ಗಣಿಗಳು ಬಿಟ್ಟುಹೋದ ಮೇಲೆ ನೀರು ತುಂಬಿ ಕೆರೆಯಾದ ಊರುಗಳೂ ಇವೆ. ಸಿಬಿಯು ಹತ್ತಿರದ ಓಕ್ನಾ ಸಿಬಿಯುಲುಯ್‌ನಲ್ಲಿ ಹಳೆ ಗಣಿಯ ಬಾಯಲ್ಲಿ ಆದ ಒಂದು ಕೆರೆ 130 ಮೀಟರಿಗೂ ಜಾಸ್ತಿ ಆಳ ಇದೆ. ಅಲ್ಲೂ ಜನ ಸ್ನಾನಕ್ಕೆ ಹೋಗುತ್ತಾರೆ.

ಪ್ರಾಯಿದ್‌ನಲ್ಲಿ 1960ರ ದಶಕದಿಂದ ಗಣಿಯ ಒಳಗೇ ಉಸಿರಾಟದ ತೊಂದರೆ ಇರುವವರಿಗೆ ಚಿಕಿತ್ಸೆ ನಡೆಯುತ್ತಿತ್ತು. ಬಸ್ಸಲ್ಲಿ ಕೂತು ಸುರಂಗದೊಳಗೆ ಹೋಗಬೇಕಿತ್ತು. 120 ಮೀಟರ್ ಕೆಳಗೆ, ವರ್ಷವಿಡೀ 16 ಡಿಗ್ರಿ ಆಸುಪಾಸು. ಮಕ್ಕಳಿಗೆ ಆಟದ ಜಾಗ, ಪ್ರಾರ್ಥನೆಗೆ ಚರ್ಚು, ಎಲ್ಲ ಉಪ್ಪಿನ ಗೋಡೆಗಳ ನಡುವೆ. ಆಸ್ತಮಾ ಇರುವ ಮಕ್ಕಳನ್ನು ಕರೆದುಕೊಂಡು ತಾಯಂದಿರು ದಿನಾ ಕೆಲವು ಗಂಟೆ ಅಲ್ಲೇ ಕೂರುತ್ತಿದ್ದರು. ಊರಿನ ಅರ್ಧ ಮನೆಗಳು ಬಾಡಿಗೆ ಕೋಣೆಗಳಿಂದ ನಡೆಯುತ್ತಿದ್ದವು ಅಂದರೂ ತಪ್ಪಾಗಲಾರದು.

ಗಣಿಯ ಪಕ್ಕದಲ್ಲೇ ಕೊರುಂದ್ ಅನ್ನುವ ಹಳ್ಳ ಹರಿಯುತ್ತದೆ. 2025ರ ಮೇ ತಿಂಗಳಲ್ಲಿ ಭಾರೀ ಮಳೆ. ನೀರು ಒಸರುತ್ತಿದೆ ಅಂತ ಮೊದಲೇ ಪ್ರವಾಸಿಗರನ್ನು ನಿಲ್ಲಿಸಿದ್ದರು. ತಿಂಗಳ ಕೊನೆಗೆ ಹಳ್ಳದ ತಳವೇ ಒಡೆದು ನೀರು ಗಣಿಗೆ ನುಗ್ಗಿತು. ಕೆಲವೇ ದಿನದಲ್ಲಿ ಗಣಿ ಮುಳುಗಿತು.

ನಮ್ಮ ಚಿನ್ನದ ಗಣಿಯಲ್ಲೂ ನೀರು ಬರುತ್ತದೆ. ಪಂಪು ಹಾಕಿ ಎತ್ತುತ್ತೇವೆ, ಬಂಡೆ ಬಂಡೆಯಾಗೇ ಇರುತ್ತದೆ. ಉಪ್ಪಿನ ಗಣಿಯಲ್ಲಿ ಹಾಗಲ್ಲ. ಒಂದು ಲೀಟರ್ ಸಿಹಿನೀರು ಸುಮಾರು 350 ಗ್ರಾಂ ಉಪ್ಪು ಕರಗಿಸಬಲ್ಲದು. ನೀರು ಬಂದ ದಾರಿ ಪ್ರತಿ ಗಂಟೆಗೂ ಅಗಲವಾಗುತ್ತದೆ, ಅಗಲವಾದಷ್ಟು ಇನ್ನೂ ನೀರು ಬರುತ್ತದೆ. ಕಂಬ, ಗೋಡೆ, ಚಾವಣಿ ಎಲ್ಲ ಕರಗುವ ವಸ್ತುವೇ. ಒಮ್ಮೆ ಹಳ್ಳ ಒಳಗೆ ಬಿದ್ದ ಮೇಲೆ ಮನುಷ್ಯರ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಮಾಡುವುದೆಲ್ಲ ಮೊದಲೇ ಮಾಡಬೇಕು: ಹಳ್ಳವನ್ನೇ ಉಪ್ಪಿನಿಂದ ದೂರ ತಿರುಗಿಸಬೇಕು. ಗಣಿಯವರು ಎಲ್ಲೇ ಇರಲಿ, ನನಗೆ ಹೇಳಬೇಕು ಅನ್ನಿಸುವುದು ಇದೊಂದೇ. ಒಸರು ಕಂಡ ಮೊದಲ ದಿನವೇ ಅದಕ್ಕೆ ಹಣ ಖರ್ಚು ಮಾಡಿ.

ಕ್ಲೂಜ್_ಕನ್ನಡಿಗ

ಹಟ್ಟಿ ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಷ್ಟ ಪ್ರಾಯಿದ್‌ಗೆ ಮಾತ್ರ ಆಗಲಿಲ್ಲ. ಉಪ್ಪು ಕರಗಿದ ನೀರು ತರ್ನಾವಾ ಮಿಕಾ ನದಿಗೆ ಸೇರಿತು. ಆ ನದಿ ಸೊವಾಟಾ ದಾಟಿಕೊಂಡೇ ಕೆಳಗೆ ಹೋಗುವುದು. ಮೀನು ಸತ್ತವು. ಕೆಳಗಿನ ತರ್ನಾವೆನಿ ಊರಲ್ಲಿ ನಲ್ಲಿ ನೀರು ಕುಡಿಯಲು ಆಗದಂತಾಯಿತು. ಗಣಿಯ ಹತ್ತಿರದ ಮನೆಯವರು ಮನೆ ಬಿಟ್ಟು ಹೋಗಬೇಕಾಯಿತು. ಇಲ್ಲಿ ಟೀವಿಯಲ್ಲಿ ಆ ದಿನಗಳಲ್ಲಿ ಬೇರೆ ಸುದ್ದಿಯೇ ಇರಲಿಲ್ಲ.

ಉಪ್ಪಿನ ಗಣಿ ನೋಡಲೇಬೇಕು ಅಂದರೆ ಕ್ಲೂಜ್ ಹತ್ತಿರ ತುರ್ದಾ ಇದೆ. 1932ರಲ್ಲಿ ಅಲ್ಲಿ ಉಪ್ಪು ತೆಗೆಯುವುದು ನಿಂತಿತು. ಆಮೇಲೆ ಯುದ್ಧದಲ್ಲಿ ಬಾಂಬಿನಿಂದ ಅಡಗುವ ಜಾಗ, ಮುಂದೆ ಚೀಸ್ ಇಡುವ ಉಗ್ರಾಣ. ಈಗ ಒಳಗೆ ದೊಡ್ಡ ತಿರುಗುವ ಚಕ್ರ, ತಳದಲ್ಲಿ ಉಪ್ಪು ನೀರಿನ ಕೊಳ, ದೋಣಿ. ಆದರೆ ಮಂಡಿನೋವಿನವರು ಲಿಫ್ಟಿಗೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ, ಮೆಟ್ಟಿಲಂತೂ ಬೇಡವೇ ಬೇಡ.

ಅಂಕೋಲೆ_ಅಭಿಮಾನಿ

ಉಪ್ಪಿನ ಮಾತು ಬಂದಿದ್ದಕ್ಕೆ ಒಂದು ವಿಷಯ. ಈ ಸೇಕೆಯ್ ಜನರಿಗೆ ಹಿಂದೆ ತಮ್ಮ ನೆಲದ ಉಪ್ಪನ್ನು ತಾವೇ ತೆಗೆದುಕೊಳ್ಳುವ ಹಕ್ಕಿತ್ತು. 1562ರಲ್ಲಿ ಅವರು ದಂಗೆ ಎದ್ದರು, ಸೋತರು. ಆಮೇಲೆ ಆಳುವವರು ಆ ಹಕ್ಕನ್ನು ಕಿತ್ತುಕೊಂಡು ಉಪ್ಪನ್ನು ತಮ್ಮದು ಮಾಡಿಕೊಂಡರು. 1930ರ ಏಪ್ರಿಲ್‌ನಲ್ಲಿ ಉಪ್ಪಿನ ಕಾನೂನು ಮುರಿದ ಅಂಕೋಲೆಯವರಿಗೆ ಇದು ಯಾಕೆ ನಾಟುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಾಲುಬುಡದಲ್ಲಿ ಉಪ್ಪಿದ್ದೂ ದುಡ್ಡು ಕೊಟ್ಟು ಕೊಳ್ಳಬೇಕಾದ ಅವಮಾನ ಎರಡೂ ಕಡೆ ಒಂದೇ. ಅಲ್ಲಿಗೆ ಹೋದಾಗ ಸ್ನಾನ ಮಾಡಿ ಬರುವುದರ ಜೊತೆಗೆ ಈ ಕಥೆಯನ್ನೂ ಅಪ್ಪ ಅಮ್ಮನಿಗೆ ಹೇಳಿ.

ಮಂಡ್ಯ_ಮ್ಯೂನಿಕ್

ಎಲ್ಲರಿಗೂ ತುಂಬಾ ಧನ್ಯವಾದ. ಹೋಗುವುದು ಅಂತ ತೀರ್ಮಾನ ಮಾಡಿದೆ. ಅಮ್ಮನಿಗೆ ಫೋನಿನಲ್ಲಿ ಡಾಕ್ಟರ್ ಬರೆದದ್ದನ್ನು ಹಾಗೇ ಓದಿ ಹೇಳಿದೆ. "ಒಂದು ವಾರ ನೋವಿಲ್ಲದೆ ನಿದ್ದೆ ಬಂದರೆ ಅಷ್ಟೇ ಸಾಕಪ್ಪ" ಅಂದರು. ಇನ್ನೆರಡು ಪ್ರಶ್ನೆ. ಅಪ್ಪನಿಗೆ ಈಜು ಬರುವುದಿಲ್ಲ, ಅವರೂ ಇಳಿಯಬಹುದಾ? ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಊಟಕ್ಕೆ ಏನು ಮಾಡುವುದು?

ಕ್ಲೂಜ್_ಕನ್ನಡಿಗ

ಅಪ್ಪ ಇಳಿಯಬಹುದು, ಆದರೆ ನೀವು ಪಕ್ಕದಲ್ಲೇ ಇರಬೇಕು. ಮುಳುಗುವ ಭಯವಿಲ್ಲ, ಮಗುಚುವ ಭಯವಿದೆ. ಬೋರಲಾದರೆ ಕಾಲು ಮೇಲೆ, ಮುಖ ನೀರಲ್ಲಿ ಆಗುತ್ತದೆ. ಕಣ್ಣಿಗೆ ಮೂಗಿಗೆ ಉಪ್ಪು ನೀರು ಹೋದರೆ ಗಾಬರಿಯಾಗುತ್ತಾರೆ. ಏಣಿ ಬಿಡದೆ ನಿಧಾನವಾಗಿ ಅಂಗಾತ ಮಲಗಲು ಹೇಳಿ. ಎದ್ದು ನಿಲ್ಲಬೇಕಾದರೆ ಮಂಡಿಯನ್ನು ಎದೆಯ ಕಡೆಗೆ ಎಳೆದುಕೊಂಡು, ಕೈಯಿಂದ ನೀರನ್ನು ಹಿಂದಕ್ಕೆ ತಳ್ಳಿ, ಕಾಲು ಕೆಳಗೆ ಬಿಡಬೇಕು. ಎರಡು ಸಲ ಮಾಡಿದರೆ ರೂಢಿಯಾಗುತ್ತದೆ. ಮೊದಲು ಹೋಟೆಲ್ಲಿನ ಒಳಕೊಳದಲ್ಲಿ ಅಭ್ಯಾಸ ಮಾಡಿಸಿ, ಅಲ್ಲಿ ಹಿಡಿದುಕೊಳ್ಳಲು ಕಂಬಿ ಇರುತ್ತದೆ. ಅಮ್ಮನ ಬೆಳ್ಳಿ ಕಾಲುಂಗುರ, ಸರ ಎಲ್ಲ ಕೋಣೆಯಲ್ಲೇ ಬಿಚ್ಚಿಡಲಿ, ಕಪ್ಪಾಗುತ್ತವೆ.

ಊಟ ಸ್ವಲ್ಪ ಕಷ್ಟವೇ. ಮಾಂಸ ಜಾಸ್ತಿ ತಿನ್ನುವ ಊರು. ಜೋಳದ ಹಿಟ್ಟಿನ ಮಾಮಲೀಗಾ, ಮೊಸರಿನಂಥ ಹುಳಿ ಕ್ರೀಮು, ಚೀಸ್, ಹುರಿದ ಬದನೆಕಾಯಿಯ ಗೊಜ್ಜು ಎಲ್ಲ ಕಡೆ ಸಿಗುತ್ತವೆ. ಸೂಪಿಗೆ ಮಾತ್ರ ಮಾಂಸದ ಸಾರು ಹಾಕಿದ್ದೀರಾ ಅಂತ ಕೇಳಿಯೇ ತೆಗೆದುಕೊಳ್ಳಿ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದು ಒಂದು ಕುಕ್ಕರ್ ತಂದರೆ ನೆಮ್ಮದಿ.

ರೊಮೇನಿಯಾ ಈಗ ಪೂರ್ತಿ ಷೆಂಗನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ) ಒಳಗಿದೆ, 2025ರ ಜನವರಿಯಿಂದ ರಸ್ತೆ ಗಡಿಯಲ್ಲೂ ತಪಾಸಣೆ ತೆಗೆದಿದ್ದಾರೆ. ಜರ್ಮನಿಗೆ ಅಂತ ಮಾಡಿಸಿದ ಷೆಂಗನ್ ವೀಸಾ ಸಾಕು. ಹತ್ತಿರದ ವಿಮಾನ ನಿಲ್ದಾಣ ತಿರ್ಗು ಮುರೆಶ್. ಅಲ್ಲಿಗೆ ವಿಮಾನ ಹೊಂದದಿದ್ದರೆ ಕ್ಲೂಜ್‌ಗೆ ಬನ್ನಿ. ಜುಲೈ ಆಗಸ್ಟಲ್ಲಿ ಗಲಾಟೆ ಜಾಸ್ತಿ. ಜೂನ್ ಕೊನೆ ಆದರೆ ನೀರು ಕಾದಿರುತ್ತದೆ, ಜನವೂ ಕಡಿಮೆ.

ಒಂದು ದಿನ ಪ್ರಾಯಿದ್‌ಗೂ ಹೋಗಿ ಬನ್ನಿ. ಗಣಿ ಇಲ್ಲದೆ ಅಲ್ಲಿನ ಅಂಗಡಿ, ಊಟದ ಮನೆಗಳಿಗೆ ವ್ಯಾಪಾರ ಕುಸಿದಿದೆ. ಅಲ್ಲೇ ಊಟ ಮಾಡಿ. ದಾರಿ ಮುಂದುವರಿದರೆ ಕೊರುಂದ್ ಅನ್ನುವ ಹಳ್ಳಿ, ರಸ್ತೆಯುದ್ದಕ್ಕೂ ಕುಂಬಾರರ ಅಂಗಡಿಗಳಿವೆ. ಅಮ್ಮನಿಗೆ ಉಪ್ಪಿನಕಾಯಿ ಜಾಡಿ ಅಲ್ಲೇ ಕೊಡಿಸಿ. ತಾರೀಖು ಗೊತ್ತಾದ ಮೇಲೆ ಇಲ್ಲೇ ಹಾಕಿ, ನಾನೂ ರಜ ಹಾಕಿಕೊಂಡು ಕಾರು ತರುತ್ತೇನೆ.